‘ಜವಾಬ್ದಾರ ವ್ಯಕ್ತಿ’ ಎಂಬ ಗೆರೆಯ ಮೇಲೆ

ಮಾನ್ಯ ಅಧೀಕ್ಷಕರೇ,

ನಿಮ್ಮ ಹೆರಿಗೆ ಆಸ್ಪತ್ರೆಯ ಹೊಲಿಗೆ ಯಂತ್ರಕ್ಕೆ ನಾನು ಜವಾಬ್ದಾರಳು, ನನ್ನ ಹೊಟ್ಟೆಗೆ ಅಲ್ಲ. ಇದು ನನ್ನ ಮಾತಲ್ಲ, ನಿಮ್ಮ ಆಸ್ಪತ್ರೆಯದೇ ಎರಡು ಕಾಗದಗಳ ಮಾತು. ಒಂದರಲ್ಲಿ ‘ಜವಾಬ್ದಾರ ವ್ಯಕ್ತಿ’ ಎಂಬ ಗೆರೆಯ ಮೇಲೆ ನನ್ನ ಸಹಿ ಇದೆ, ಪಕ್ಕದಲ್ಲಿ ನಿಮ್ಮ ಉಗ್ರಾಣದ ಮೊಹರು ಬಿದ್ದಿದೆ. ಇನ್ನೊಂದರಲ್ಲಿ ಅಂಥದ್ದೇ ಗೆರೆಯ ಮೇಲೆ ಅದೇ ಕೈ ಹಾಕಿದ ಅದೇ ಸಹಿಗೆ ಕೆಂಪು ಶಾಯಿಯ ಅಡ್ಡಗೀಟು ಬಿದ್ದಿದೆ. ಎರಡರ ನಡುವೆ ಐದು ದಿನ. ಐದೇ ದಿನದಲ್ಲಿ ನಾನು ಇಷ್ಟೊಂದು ಬೇಜವಾಬ್ದಾರಿ ಹೆಂಗಸಾದದ್ದು ಹೇಗೆಂದು ತಾವು ತಿಳಿಸಿದರೆ ಉಪಕಾರವಾಗುತ್ತದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ವಯಸ್ಸು ಇಪ್ಪತ್ತೆರಡು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಬಡತನದಿಂದ ಬಿಟ್ಟೆ ಎಂದು ಬರೆದರೆ ಓದುವವರಿಗೆ ಮರುಕ ಬರುತ್ತದೆ, ಆದರೆ ಅದು ಸುಳ್ಳು. ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಪಾಠ ನಡೆಯುವಾಗ ಕಾಲು ತಾನಾಗಿ ಕುಣಿಯುತ್ತಿತ್ತು, ಕಣ್ಣು ಕಿಟಕಿಯಾಚೆ ಓಡುತ್ತಿತ್ತು. ಈಗ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ. ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ವಾಸ, ಹತ್ತಲು ಹತ್ತೊಂಬತ್ತು ಕಬ್ಬಿಣದ ಮೆಟ್ಟಿಲು. ಗಂಡ ಸರಕು ಹಡಗಿನಲ್ಲಿ ಫಿಟ್ಟರ್. ಹಡಗು ದಡ ಮುಟ್ಟಿದಾಗ ಫೋನ್ ಬರುತ್ತದೆ, ಅವನು ಮನೆ ಮುಟ್ಟಲು ಇನ್ನೂ ಎರಡೂವರೆ ತಿಂಗಳಿದೆ. ತಾಯಿ ಇಲ್ಲ. ಅತ್ತೆಯವರು ಹಾಸಿಗೆ ಹಿಡಿದ ಮಾವನವರನ್ನು ಬಿಟ್ಟು ಬರುವ ಹಾಗಿಲ್ಲ. ಇದು ನನ್ನ ಮೊದಲ ಬಸಿರು. ಇವತ್ತಿನ ಶನಿವಾರಕ್ಕೆ ಮೂವತ್ತಾರು ವಾರ ತುಂಬಿ ಐದು ದಿನ.

ಮಗು ತಲೆ ಮೇಲೆ ಮಾಡಿ, ಕುಂಡೆ ಕೆಳಗೆ ಊರಿಕೊಂಡು ಕೂತಿದೆ. ಅದಕ್ಕೂ ನನ್ನ ಹಾಗೆಯೇ ಹೇಳಿದ ಕಡೆ ಕೂರುವ ಅಭ್ಯಾಸವಿಲ್ಲ ಎಂದು ಕಾಣುತ್ತದೆ.

ನಿಮ್ಮಲ್ಲಿ ಡಾಕ್ಟರನ್ನು ಆರಿಸಿಕೊಳ್ಳುವ ವಿಧಾನ ಬಹಳ ಸರಳ. ಹೆಂಗಸು ಮೊದಲ ಸಲ ವಾರದ ಯಾವ ದಿನ ಬರುತ್ತಾಳೋ ಆ ದಿನದ ಡಾಕ್ಟರೇ ಅವಳಿಗೆ ಗಟ್ಟಿ. ಸೋಮವಾರದವರಿಗೆ ಬಿಳಿ ಕಾರ್ಡು, ಮಂಗಳವಾರದವರಿಗೆ ಹಳದಿ, ಹೀಗೆ. ಇದಕ್ಕೆ ನೀವು ಯೂನಿಟ್ ಎನ್ನುತ್ತೀರಿ. ನಾನು ಮಂಗಳವಾರ ಬಂದೆ. ಯಾಕೆಂದರೆ ನಮ್ಮ ಅಂಗಡಿಗೆ ಮಂಗಳವಾರ ರಜೆ. ಅಂದರೆ ನನ್ನ ಹೊಟ್ಟೆ ಯಾರ ಕೈಗೆ ಹೋಗಬೇಕೆಂದು ತೀರ್ಮಾನಿಸಿದ್ದು ನಾನೂ ಅಲ್ಲ, ನೀವೂ ಅಲ್ಲ, ನಮ್ಮ ಮೇಸ್ತ್ರಿ ಯಾವುದೋ ಕಾಲದಲ್ಲಿ ಅಂಗಡಿ ಬಾಗಿಲಿಗೆ ಬರೆಸಿದ ವಾರದ ರಜೆಯ ಬೋರ್ಡು. ಆಗ ನನಗೆ ಇದು ತಮಾಷೆಯಾಗಿ ಕಂಡಿತ್ತು. ಮರುದಿನ ಅಂಗಡಿಯಲ್ಲಿ ಮೇಸ್ತ್ರಿಗೆ ಹೇಳಿ ನಕ್ಕಿದ್ದೆ.

ಮಂಗಳವಾರದ ಡಾಕ್ಟರು ಕೆಟ್ಟವರಲ್ಲ. ಈ ಪತ್ರ ಅವರ ಮೇಲಿನ ದೂರು ಎಂದು ದಯವಿಟ್ಟು ಫೈಲ್ ಮಾಡಬೇಡಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಅವರ ಮುಂದೆ ನೂರಕ್ಕೂ ಹೆಚ್ಚು ಹೊಟ್ಟೆಗಳು ಸಾಲಾಗಿ ಹಾದು ಹೋಗುವುದನ್ನು ನಾನೇ ನೋಡಿದ್ದೇನೆ. ಒಬ್ಬೊಬ್ಬರಿಗೆ ಎರಡು ನಿಮಿಷ ಕೊಡುವುದೂ ದೊಡ್ಡ ಮನಸ್ಸೇ. ಮೂವತ್ತೈದನೇ ವಾರದಲ್ಲಿ ಸ್ಕ್ಯಾನಿನ ಕಾಗದ ನೋಡಿ ಅವರು ಹೇಳಿದ್ದಿಷ್ಟು:

“ಬ್ರೀಚ್. ಮೂವತ್ತೊಂಬತ್ತು ವಾರಕ್ಕೆ ಆಪರೇಷನ್. ತಾರೀಖು ಬರ್ಕೊಳಿ ಸಿಸ್ಟರ್. ಮುಂದಿನವರು ಬನ್ನಿ.”

ನಾನು ಏಳಲಿಲ್ಲ. “ಬೇರೆ ದಾರಿ ಏನಾದ್ರೂ ಇದೆಯಾ ಡಾಕ್ಟ್ರೇ?” ಎಂದೆ.

ಅವರು ಕಾಗದದಿಂದ ತಲೆ ಎತ್ತಲಿಲ್ಲ. ಸಿಸ್ಟರ್ ನನ್ನ ಭುಜ ಮುಟ್ಟಿ, “ಎದ್ದೇಳಮ್ಮ, ಹೊರಗೆ ಇನ್ನೂ ಎಪ್ಪತ್ತು ಜನ ಇದ್ದಾರೆ” ಎಂದರು. ಅವರ ದನಿಯಲ್ಲೂ ಗದರಿಕೆ ಇರಲಿಲ್ಲ, ಸುಸ್ತು ಇತ್ತು. ನಾನು ಎದ್ದೆ. ಆ ಎಪ್ಪತ್ತರಲ್ಲಿ ಒಬ್ಬಳು ನಾನೂ ಆಗಿದ್ದೆನಲ್ಲ, ಸ್ವಲ್ಪ ಹೊತ್ತಿನ ಮುಂಚೆ.

ಆ ಹೊರಗಿನ ಬೆಂಚಿನ ಬಗ್ಗೆ ಒಂದು ಮಾತು. ಅಲ್ಲಿ ಪ್ರತಿ ಹೆಂಗಸಿನ ಪಕ್ಕ ಯಾರೋ ಒಬ್ಬರು ಇರುತ್ತಾರೆ. ಅಮ್ಮ, ಅತ್ತಿಗೆ, ಗಂಡ, ಪಕ್ಕದ ಮನೆಯ ಅಜ್ಜಿ. ನೀರಿನ ಬಾಟಲಿ ಹಿಡಿಯುತ್ತಾರೆ, ಫೈಲು ಹಿಡಿಯುತ್ತಾರೆ, ಬೈಯುತ್ತಾರೆ ಕೂಡ. ನಾನು ನನ್ನ ಚೀಲವನ್ನು ಪಕ್ಕದ ಜಾಗದಲ್ಲಿ ಇಟ್ಟುಕೊಳ್ಳುತ್ತೇನೆ. ನೋಡಿದವರಿಗೆ ಯಾರೋ ಎದ್ದು ಹೋಗಿದ್ದಾರೆ, ಈಗ ಬರುತ್ತಾರೆ ಅನ್ನಿಸಲಿ ಎಂದು. ಆದರೆ ಯಾರಾದರೂ ಬಂದು, “ಇಲ್ಲಿ ಯಾರಾದ್ರೂ ಕೂತಿದಾರಾ?” ಎಂದು ಕೇಳಿದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ. “ಇಲ್ಲ” ಎಂದು ಚೀಲವನ್ನು ತೊಡೆಯ ಮೇಲೆ ತೆಗೆದುಕೊಳ್ಳುತ್ತೇನೆ. ತೊಡೆಯ ಮೇಲೂ ಈಗ ಜಾಗ ಕಡಿಮೆ.

ಅದಾದ ಮೂರು ದಿನಕ್ಕೆ, ಶುಕ್ರವಾರ, ನಿಮ್ಮ ಉಗ್ರಾಣದಿಂದ ಅಂಗಡಿಗೆ ಫೋನ್ ಬಂತು. ಆಸ್ಪತ್ರೆಯ ಬಟ್ಟೆ ಕೊಠಡಿಯ ಯಂತ್ರ ಹೊಲಿಗೆ ಬಿಡುತ್ತಿದೆ, ಗೌನುಗಳು ಹಾಗೇ ರಾಶಿ ಬಿದ್ದಿವೆ ಎಂದು. ಮೇಸ್ತ್ರಿ ನನ್ನ ಹೊಟ್ಟೆಯತ್ತ ನೋಡಿ, “ನಾನೇ ಹೋಗ್ತೀನಿ ಬಿಡು” ಎಂದರು. ನಾನೇ ಹೋದೆ. ಸೋಜಿಗ ನೋಡಿ, ಹಳದಿ ಕಾರ್ಡು ಹಿಡಿದು ಬಂದಾಗ “ಟೋಕನ್ ಎಲ್ಲಿ? ಜೊತೆಗೆ ಯಾರಿದಾರೆ?” ಎಂದು ತಡೆಯುತ್ತಿದ್ದ ಕಾವಲುಗಾರ, ಕೈಯಲ್ಲಿ ಸ್ಪ್ಯಾನರ್ ಪೆಟ್ಟಿಗೆ ಕಂಡ ಕೂಡಲೇ ಬಾಗಿಲು ತೆಗೆದು, “ಬನ್ನಿ ಮೇಡಂ” ಎಂದ. ಹೊಟ್ಟೆ ಅದೇ ಹೊಟ್ಟೆ. ಜೊತೆಗೆ ಅವತ್ತೂ ಯಾರೂ ಇರಲಿಲ್ಲ.

ಬಟ್ಟೆ ಕೊಠಡಿಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಯಂತ್ರ ಬಿಚ್ಚಿದೆ. ಸೂಜಿ ಇಳಿಯುವ ಹೊತ್ತಿಗೆ ಕೆಳಗಿನ ಕೊಕ್ಕೆ ಬಂದು ಮುಟ್ಟುತ್ತಿರಲಿಲ್ಲ, ಅಷ್ಟೇ ರೋಗ. ಆಗ ಗೌನು ಕೇಳಿಕೊಂಡು ಒಬ್ಬ ಡಾಕ್ಟರಮ್ಮ ಒಳಗೆ ಬಂದರು. ನನ್ನನ್ನು ನೋಡಿ ನಿಂತರು.

“ಎಷ್ಟು ವಾರ?”

“ಮೂವತ್ತೈದು, ನಾಲ್ಕು ದಿನ.”

“ಹಾಗೆ ಬಗ್ಗಿ ಕೂತಿದೀಯಲ್ಲ, ಪಕ್ಕೆಲುಬಿಗೆ ಒತ್ತಲ್ವಾ?”

“ಒತ್ತುತ್ತೆ. ಮಗು ಉಲ್ಟಾ ಇದೆಯಂತೆ. ಆಪರೇಷನ್ ಅಂದಿದ್ದಾರೆ.”

ಅವರು ನನ್ನ ಚೀಲದಲ್ಲಿದ್ದ ಸ್ಕ್ಯಾನಿನ ಕಾಗದ ನೋಡಿ, ಕೈ ತೊಳೆದು ಬಂದು, ಒಗೆದ ಬಟ್ಟೆಗಳ ಮೇಜಿನ ಮೇಲೆ ನನ್ನನ್ನು ಮಲಗಿಸಿ ಹೊಟ್ಟೆ ಮುಟ್ಟಿದರು. ಆಮೇಲೆ ಎಣ್ಣೆ ಮೆತ್ತಿದ ನನ್ನ ಕೈಯನ್ನು ಹಿಡಿದು ಎದೆಗೂಡಿನ ಕೆಳಗೆ ಇಟ್ಟರು. “ಗುಂಡಗೆ, ಗಟ್ಟಿಯಾಗಿ ಸಿಕ್ತಾ? ಇದೇ ತಲೆ. ಮೆಲ್ಲಗೆ ಅಲ್ಲಾಡಿಸು. ಹೆದರ್ಬೇಡ.”

ಎಂಟು ತಿಂಗಳು ಹೊತ್ತಿದ್ದೆ ಅಧೀಕ್ಷಕರೇ. ಅವತ್ತೇ ಮೊದಲ ಸಲ ನನ್ನ ಮಗುವಿನ ತಲೆ ಮುಟ್ಟಿದ್ದು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಏನೂ ಸೇರಿಸುವುದಿಲ್ಲ. ಹೊಟ್ಟೆಯ ಮೇಲಿನಿಂದ ಕೈಯಲ್ಲೇ ಒತ್ತಿ ಮಗುವನ್ನು ತಿರುಗಿಸಲು ಪ್ರಯತ್ನಿಸಬಹುದು. ಎಲ್ಲರಿಗೂ ಮಾಡಲು ಬರುವುದಿಲ್ಲ, ನನ್ನ ಸ್ಕ್ಯಾನ್ ನೋಡಿದರೆ ಮಾಡಬಹುದು ಅನ್ನಿಸುತ್ತದೆ. ಇಬ್ಬರಲ್ಲಿ ಒಬ್ಬರಿಗೆ ತಿರುಗುತ್ತದೆ, ಇನ್ನೊಬ್ಬರಿಗೆ ಇಲ್ಲ. ತಿರುಗಿದ್ದು ಕೆಲವೊಮ್ಮೆ ವಾಪಸ್ ಹಳೇ ಜಾಗಕ್ಕೇ ಬರುತ್ತದೆ. ನೋವಾಗುತ್ತದೆ. ಅಪರೂಪಕ್ಕೆ ಮಗುವಿನ ಎದೆಬಡಿತ ಇಳಿದರೆ ಆಗಲೇ ಆಪರೇಷನ್ ಮಾಡಬೇಕಾಗುತ್ತದೆ, ಅದಕ್ಕೇ ಥಿಯೇಟರಿನ ಪಕ್ಕದಲ್ಲೇ ಇಟ್ಟುಕೊಂಡು ಮಾಡುತ್ತಾರೆ. ತಿರುಗದಿದ್ದರೆ ಆಪರೇಷನ್ ಇದ್ದೇ ಇದೆ, ಅದೇನೂ ಸೋಲಲ್ಲ. ತಡವಾದಷ್ಟೂ ಒಳಗೆ ಜಾಗ ಕಡಿಮೆಯಾಗುತ್ತದೆ. ಅವರು ಇದನ್ನು ಶುಕ್ರವಾರ ಬೆಳಿಗ್ಗೆ ಮಾಡುತ್ತಾರೆ.

“ಯೋಚ್ನೆ ಮಾಡು. ನಿನ್ನ ಹೊಟ್ಟೆ, ನಿನ್ನ ನಿರ್ಧಾರ” ಎಂದರು. ಆಮೇಲೆ ಸ್ಕ್ಯಾನಿನ ಜೊತೆಗಿದ್ದ ನನ್ನ ಹಳದಿ ಕಾರ್ಡು ನೋಡಿ ತುಟಿ ಕಚ್ಚಿದರು. “ಅಯ್ಯೋ, ಮಂಗಳವಾರದವಳಾ?”

ಹೊರಡುವಾಗ ಉಗ್ರಾಣದವರು ಕೆಲಸದ ಚೀಟಿ ಮುಂದೆ ಇಟ್ಟರು. ‘ದುರಸ್ತಿಯ ನಂತರ ಯಾವುದೇ ತೊಂದರೆಯಾದಲ್ಲಿ ಜವಾಬ್ದಾರ ವ್ಯಕ್ತಿ’ ಎಂಬಲ್ಲಿ ಸಹಿ ಹಾಕಿದೆ. ಯಾರೂ ಗಂಡನನ್ನು ಕೇಳಲಿಲ್ಲ.

ನಾನು ನಾಲ್ಕು ದಿನ ಯೋಚಿಸಿದೆ. ಯಾರ ಜೊತೆ ಯೋಚಿಸಲಿ? ಮೇಸ್ತ್ರಿ, “ಅಂಥ ವಿಷಯ ನನಗೆ ಗೊತ್ತಾಗಲ್ಲಮ್ಮ” ಎಂದು ಬಾಬಿನ್‌ಗಳ ಡಬ್ಬಿಯೊಳಗೆ ಮುಖ ಹುದುಗಿಸಿದರು. ಹಡಗಿನಿಂದ ಫೋನ್ ಬಂತು. ಮಾತಿಗೂ ಮಾತಿಗೂ ನಡುವೆ ಒಂದು ಸಮುದ್ರದಷ್ಟು ತಡ. ಎಲ್ಲ ಹೇಳಿದೆ. ಅವನು, “ನೀನು ಏನ್ ಅಂದ್ರೆ ಅದೇ ಕಣೇ. ನಾನಿಲ್ಲಿ ಕೂತು ಏನು ಹೇಳ್ಲಿ?” ಎಂದ. ಒಳ್ಳೆಯ ಗಂಡ, ಒಳ್ಳೆಯ ಮಾತು. ಆದರೆ ಫೋನಿಟ್ಟ ಮೇಲೆ ನನಗೆ ಅಳು ಬಂತು. ಬೇಡ ಅನ್ನುವವರೂ ಇಲ್ಲದ ಮನೆಯಲ್ಲಿ ಬೇಕು ಅನ್ನುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಜಗಳ ಆಡಲಿಕ್ಕಾದರೂ ಒಬ್ಬರು ಬೇಕು.

ಕೊನೆಗೆ ನಾನೇ ಲೆಕ್ಕ ಹಾಕಿದೆ. ಆಪರೇಷನ್ ಆದರೆ ಆರು ವಾರ ಭಾರ ಎತ್ತಬಾರದಂತೆ. ಹತ್ತೊಂಬತ್ತು ಮೆಟ್ಟಿಲು, ಕೆಳಗಿನ ನಲ್ಲಿಯಿಂದ ನೀರು, ಎದೆಗೊಂದು ಮಗು. ಗಂಡ ಬರುವ ಹೊತ್ತಿಗೆ ಆ ಆರು ವಾರ ಮುಗಿದಿರುತ್ತದೆ. ಮಗು ತಿರುಗಿದರೆ ನನಗೆ ಎದ್ದು ಓಡಾಡುವ ದಾರಿಯೊಂದು ಸಿಗಬಹುದು, ತಿರುಗದಿದ್ದರೆ ಆಗ ಬೇರೆ ಯೋಚನೆ ಮಾಡೋಣ ಎಂದುಕೊಂಡೆ. ಮಂಗಳವಾರದ ಡಾಕ್ಟರಿಗೆ ನನ್ನ ಮೆಟ್ಟಿಲುಗಳ ವಿಷಯ ಗೊತ್ತಿಲ್ಲ. ಗೊತ್ತಾಗಲು ಕೇಳಬೇಕು, ಕೇಳಲು ಎರಡು ನಿಮಿಷ ಸಾಲದು. ಆಪರೇಷನ್ ಎಂದರೆ ಭಯ ಎಂಬುದೂ ನಿಜ, ಅದನ್ನೂ ಮುಚ್ಚಿಡುವುದಿಲ್ಲ. ಭಯವೂ ಲೆಕ್ಕದೊಳಗೇ ಇತ್ತು.

ಮುಂದಿನ ಮಂಗಳವಾರ ಹೋಗಿ ನೇರವಾಗಿ ಕೇಳಿದೆ. ಡಾಕ್ಟರು ಮೊದಲ ಬಾರಿ ನನ್ನ ಮುಖ ನೋಡಿದರು. ನಿದ್ದೆಗೆಟ್ಟು ಅವರ ಕಣ್ಣು ಕೆಂಪಗಿತ್ತು.

“ಯಾರು ಹೇಳಿದ್ದು ಇದನ್ನ?”

“ಶುಕ್ರವಾರದ ಡಾಕ್ಟರಮ್ಮ.”

“ಅವರು ಮಾಡ್ತೀನಿ ಅಂದ್ರೆ ಮಾಡ್ಲಿ, ನನ್ನ ಅಡ್ಡಿ ಇಲ್ಲ.” ಕಾಗದದ ಮೇಲೆ ಹಾಗೆಂದೇ ಬರೆದೂ ಕೊಟ್ಟರು. “ಆದ್ರೆ ಮೂವತ್ತು ವಾರ ದಾಟಿದ ಮೇಲೆ ಯೂನಿಟ್ ಬದಲಾಯಿಸ್ಬೇಕು ಅಂದ್ರೆ ಅಧೀಕ್ಷಕರ ಅಪ್ಪಣೆ ಬೇಕಮ್ಮ. ನನ್ನ ಕೈಲಿ ಇಲ್ಲ.”

ಒಬ್ಬ ಡಾಕ್ಟರು ಮಾಡುತ್ತೇನೆ ಅಂದರು, ಇನ್ನೊಬ್ಬರು ಅಡ್ಡಿ ಇಲ್ಲ ಅಂದರು, ಗಂಡ ನಿನ್ನಿಷ್ಟ ಅಂದ, ನಾನು ಸರಿ ಅಂದೆ. ಇನ್ನು ಉಳಿದದ್ದು ನೀವು. ನೋಂದಣಿ ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದ ನಿಮ್ಮ ಸುತ್ತೋಲೆಯನ್ನು ಆಗ ಓದಿದೆ. ಒಂದನೇ ಅಂಶ: ಮೂವತ್ತು ವಾರದ ನಂತರ ಅಧೀಕ್ಷಕರ ಅನುಮತಿ ಇಲ್ಲದೆ ಯೂನಿಟ್ ಬದಲಾವಣೆ ಇಲ್ಲ. ಎರಡನೇ ಅಂಶ: ಯಾವುದೇ ಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ ಗರ್ಭಿಣಿಯ ಜೊತೆ ಬಂದಿರುವ ಜವಾಬ್ದಾರ ವ್ಯಕ್ತಿಯ ಸಹಿ ಕಡ್ಡಾಯ. ಗರ್ಭಿಣಿಯ ಸಹಿ ಎಲ್ಲಿ ಎಂದು ಹುಡುಕಿದೆ. ಸುತ್ತೋಲೆಯಲ್ಲಿ ಅವಳಿಗೆ ಹೊಟ್ಟೆ ಇದೆ, ವಾರಗಳಿವೆ, ಜೊತೆಗೊಬ್ಬ ವ್ಯಕ್ತಿ ಇದ್ದಾನೆ. ಕೈ ಮಾತ್ರ ಇಲ್ಲ.

ಬುಧವಾರ ಅಂಗಡಿಗೆ ರಜೆ ಹಾಕಿ ಒಪ್ಪಿಗೆ ಪತ್ರ ತುಂಬಿದೆ. ಜವಾಬ್ದಾರ ವ್ಯಕ್ತಿ ಎಂಬಲ್ಲಿ ನನ್ನ ಸಹಿ. ರೋಗಿಗೆ ಏನಾಗಬೇಕು ಎಂಬಲ್ಲಿ ‘ನಾನೇ’ ಎಂದು ಬರೆದೆ. ಕಿಟಕಿಯ ಗುಮಾಸ್ತೆ ಅಕ್ಕ ಅದನ್ನು ಎರಡು ಸಲ ಓದಿ ಕೆಂಪು ಪೆನ್ನು ತೆಗೆದರು.

“ತಮಾಷೆ ಮಾಡ್ತಿದೀಯೇನಮ್ಮ?”

“ಇಲ್ಲ ಅಕ್ಕ. ನನ್ನ ಜೊತೆ ಬಂದಿರೋದು ನಾನೊಬ್ಬಳೇ.”

“ಗಂಡ?”

“ಹಡಗಲ್ಲಿದಾರೆ. ಫೋನಲ್ಲಿ ಒಪ್ಪಿದಾರೆ.”

“ಫೋನಿಗೆ ಸಹಿ ಹಾಕೋಕೆ ಬರುತ್ತಾ?” ಎಂದು ಗೀಟು ಎಳೆದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ನೋಡು, ಹೊರಗೆ ಸೈಕಲ್ ಸ್ಟ್ಯಾಂಡಲ್ಲಿ ತಾತ ಇದಾರೆ. ಹೊಸ ಫಾರಂ ತಗೊಂಡು ಹೋಗು. ಹಾಕ್ಕೊಡ್ತಾರೆ.”

ಅಧೀಕ್ಷಕರೇ, ನಿಮ್ಮ ಕೋಣೆಯ ಕಿಟಕಿಯಿಂದ ಆ ಸೈಕಲ್ ಸ್ಟ್ಯಾಂಡ್ ಕಾಣುತ್ತದೆ. ಅಲ್ಲಿ ಸ್ಟೂಲಿನ ಮೇಲೆ ಕೂತಿರುವ ಮುದುಕರು ನಿಮ್ಮ ಆಸ್ಪತ್ರೆಗೆ ಒಂಟಿಯಾಗಿ ಬರುವ ಹೆಂಗಸರಿಗೆಲ್ಲ ಸೋದರಮಾವ. ಒಳಗಿನ ಎಲ್ಲರಿಗೂ ಗೊತ್ತು. ನಿಮ್ಮ ದಾಖಲೆಗಳನ್ನು ಯಾರಾದರೂ ಕೂತು ಓದಿದರೆ, ಈ ಊರಿನಲ್ಲಿ ಒಬ್ಬ ಮನುಷ್ಯನಿಗೆ ಇಷ್ಟೊಂದು ಅಕ್ಕತಂಗಿಯರು ಹುಟ್ಟಿದ್ದು ಹೇಗೆ ಎಂದು ದಿಗಿಲುಬೀಳಬೇಕು. ಅವರು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕನ್ನಡಕ ಏರಿಸಿ, “ಎಲ್ಲಿ ಹಾಕ್ಬೇಕು ತೋರ್ಸು ಮಗಳೇ” ಎಂದರು.

“ತಾತ, ಇದರಲ್ಲಿ ಏನು ಬರೆದಿದೆ ಅಂತ ಓದಲ್ವಾ?”

“ಓದಿದ್ರೆ ಕೈ ನಡುಗುತ್ತೆ.”

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮನ್ನ ಕರೀತಾರಲ್ವಾ?”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಒಂದು ಸಲ ಕರೆದ್ರು. ‘ಸೋದರಮಾವ ಯಾರು, ಸೋದರಮಾವ ಯಾರು’ ಅಂತ ಗೇಟಿನ ತನಕ ಬಂದು ಕೂಗಿದ್ರು. ಹೋದೆ. ಯಾರೋ ಒಬ್ರು ಹೋಗ್ಬೇಕಲ್ಲ. ಆ ಹುಡುಗಿ ಚಪ್ಪಲಿ ಒಂದು ಕವರಲ್ಲಿ ಹಾಕಿ ಕೊಟ್ರು. ಅವಳ ಮುಖಾನೂ ನನಗೆ ಸರಿಯಾಗಿ ನೆನಪಿರಲಿಲ್ಲ.”

“ಆಮೇಲೂ ಹಾಕ್ತೀರಲ್ಲ ತಾತ?”

“ಹಾಕ್ದೇ ಇದ್ರೆ ಇನ್ನೊಬ್ಳು ಹೊರಗೇ ಕೂತಿರ್ತಾಳಲ್ಲ ಮಗಳೇ.”

ನಾನು ಫಾರಂ ವಾಪಸ್ ಮಡಚಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ನಕ್ಕರು. “ಹಟಮಾರಿ. ಹಾಗಾದ್ರೆ ಏನ್ ಮಾಡ್ತೀ?” ಬರೆಯುತ್ತೇನೆ, ನಿಮ್ಮ ವಿಷಯವನ್ನೂ ಬರೆಯುತ್ತೇನೆ, ಬೇಡವೆಂದರೆ ಬಿಡುತ್ತೇನೆ ಎಂದೆ. “ಬರಿ. ನನ್ನ ಸಹೀನ ನನಗೇ ಓದೋಕಾಗಲ್ಲ, ಅವರೇನು ಓದ್ತಾರೆ? ಹೆಚ್ಚೆಂದ್ರೆ ಸ್ಟೂಲ್ ಕಿತ್ಕೋತಾರೆ. ನಿಂತ್ಕೋತೀನಿ” ಎಂದರು.

ಆದ್ದರಿಂದ ಇದು ಅವರ ಮೇಲಿನ ದೂರೂ ಅಲ್ಲ. ಅವರ ಸ್ಟೂಲು ಕಿತ್ತುಕೊಂಡರೆ ನಿಮ್ಮ ಹೆರಿಗೆ ವಾರ್ಡಿನ ಅರ್ಧ ಕೆಲಸ ನಿಲ್ಲುತ್ತದೆ ಎಂಬುದನ್ನು ಮಾತ್ರ ತಿಳಿಸಬಯಸುತ್ತೇನೆ. ನೀವು ಸುತ್ತೋಲೆಯಲ್ಲಿ ಕೇಳಿದ ಜವಾಬ್ದಾರಿಯನ್ನು ಇಷ್ಟು ವರ್ಷ ಹೊತ್ತವರು ಅವರೊಬ್ಬರೇ.

ನೀವು ಹೇಳಬಹುದು, ಅವಳ ಸಹಿಯೊಂದನ್ನೇ ನಂಬಿ ಮಾಡಿದರೆ ನಾಳೆ ಏನಾದರೂ ಆದಾಗ ಮನೆಯವರು ಬಂದು ಗಲಾಟೆ ಮಾಡುತ್ತಾರೆ, ಡಾಕ್ಟರ ಮೇಲೆ ಕೈ ಮಾಡುತ್ತಾರೆ ಎಂದು. ಆಗಿರಬಹುದು. ನಾನದನ್ನು ಸುಳ್ಳೆನ್ನುವುದಿಲ್ಲ. ಆದರೆ ಆ ಭಯಕ್ಕೆ ನೀವು ಕಟ್ಟಿಕೊಂಡ ಗೋಡೆ ಎಂಥದ್ದು? ಅಪರಿಚಿತ ಮುದುಕರ ಓದಲಾಗದ ಸಹಿ. ಮನೆಯವರೇ ಇಲ್ಲದವಳ ಮನೆಯವರಿಗೆ ಹೆದರಿ ಅವಳನ್ನು ಹೊರಗೆ ಕೂರಿಸುವುದು ಯಾವ ನ್ಯಾಯ? ನನಗೆ ನಮ್ಮ ಮೇಸ್ತ್ರಿ ಮೊದಲ ದಿನ ಕಲಿಸಿದ್ದು ಬಹಳ ಸಣ್ಣ ಪಾಠ. ಯಂತ್ರ ಬಿಚ್ಚುವ ಮೊದಲು ತಂದವರಿಗೆ ಹೇಳು: ಹೀಗಾಗಿದೆ, ಹೀಗೂ ಮಾಡಬಹುದು, ಹಾಗೂ ಮಾಡಬಹುದು, ಇದರಲ್ಲಿ ಇಷ್ಟು ಅಪಾಯ ಇದೆ. ಆಮೇಲೆ ಸುಮ್ಮನಿರು, ಅವರು ಹೇಳಲಿ. ಒಂದು ಹಳೇ ಯಂತ್ರಕ್ಕೆ ನಾವು ಕೊಡುವ ಮರ್ಯಾದೆ ಇದು. ಅದನ್ನು ತಂದ ಹೆಂಗಸಿಗೆ, “ನಿಮ್ಮ ಮನೆಯಿಂದ ಜವಾಬ್ದಾರಿ ಇರೋರು ಯಾರನ್ನಾದ್ರೂ ಕಳ್ಸಿ” ಎಂದು ನಾವು ಎಂದೂ ಹೇಳಿಲ್ಲ. ಹೇಳಿದ್ದರೆ ಅವರು ಕತ್ತರಿ ಹಿಡಿದು ಬರುತ್ತಿದ್ದರು.

ನಿಮ್ಮನ್ನು ಕಾಣಲು ಗುರುವಾರ ಎರಡು ಸಲ, ನಿನ್ನೆ ಒಂದು ಸಲ ಬಂದೆ. ಮೂರು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ನಿನ್ನೆ ಶುಕ್ರವಾರ. ಬೆಳಿಗ್ಗೆಯಿಂದ ಏನೂ ತಿನ್ನದೆ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಹತ್ತು ಗಂಟೆಗೆ ಡಾಕ್ಟರಮ್ಮ ಹೊರಬಂದು ನನ್ನ ಫಾರಂ ಮೇಲಿನ ಕೆಂಪು ಗೀಟು ನೋಡಿದರು, ನನ್ನ ಪಕ್ಕ ಕೂತರು. “ನಾನು ಒಳಗೆ ಕರ್ಕೊಂಡ್ರೂ ಈ ಸಹಿ, ಅಪ್ಪಣೆ ಇಲ್ದೆ ಅರಿವಳಿಕೆಯವರು, ಸಿಸ್ಟರ್‌ಗಳು ಯಾರೂ ಕೈ ಹಾಕಲ್ಲ ಕಣಮ್ಮ. ಮುಂದಿನ ಶುಕ್ರವಾರದವರೆಗೆ ನೋಡೋಣ. ಅದಾದ ಮೇಲೆ ನಾನೂ ಹೆಚ್ಚು ಭರವಸೆ ಕೊಡಲಾರೆ” ಎಂದರು. ಅವರು ಎದ್ದು ಹೋದ ಮೇಲೂ ನಾನು ಕೂತಿದ್ದೆ. ಬೆಂಚಿನ ಮೇಲೆ ಕೂರಲಾಗದೆ ಶಾಲೆ ಬಿಟ್ಟವಳು ನಿಮ್ಮ ಬೆಂಚಿನ ಮೇಲೆ ಐದು ಗಂಟೆ ಅಲುಗದೆ ಕೂತೆ. ಒಳಗೆ ಮಗು ಎದೆಗೂಡಿನ ಕೆಳಗೆ ತಲೆ ಉಜ್ಜುತ್ತಿತ್ತು. “ನೋಡಿ, ಅಲ್ಲಾಡ್ತಿದೆ” ಎಂದು ಯಾರಿಗಾದರೂ ಹೇಳಬೇಕು ಅನ್ನಿಸಿತು. ಎದುರಿಗೆ ನೆಲ ಒರೆಸುತ್ತಿದ್ದವಳಿಗೆ ಹೇಳಿದೆ. ಅವಳು ಕೋಲು ಗೋಡೆಗೆ ಆನಿಸಿ, ಕೈ ಸೆರಗಿಗೆ ಒರೆಸಿಕೊಂಡು, ಮುಟ್ಟಿ ನೋಡಿ, ತಲೆಯಾಡಿಸಿ ಹೋದಳು. ನಿನ್ನೆ ಇಡೀ ದಿನದಲ್ಲಿ ನನಗೆ ಸಿಕ್ಕ ಎರಡನೇ ಅಭಿಪ್ರಾಯ ಅದೇ.

ಈಗ ನನ್ನ ಬೇಡಿಕೆ. ಮರುಕ ಬೇಡ, ನನಗೊಬ್ಬಳಿಗೆ ವಿನಾಯಿತಿಯೂ ಬೇಡ. ಸುತ್ತೋಲೆಯ ಎರಡನೇ ಅಂಶದಲ್ಲಿ ‘ಗರ್ಭಿಣಿಯ ಸಹಿ’ ಎಂದು ಬರೆಯಿರಿ. ಜೊತೆಗಿರುವವರ ಸಹಿ ಇದ್ದರೆ ಇರಲಿ, ಇಲ್ಲದಿದ್ದರೆ ಅವಳದ್ದು ಸಾಕು ಎಂದು ಬರೆಯಿರಿ. ಒಂದನೇ ಅಂಶದಲ್ಲಿ, ಇಬ್ಬರು ಡಾಕ್ಟರೂ ಒಪ್ಪಿದರೆ ಯಾವ ವಾರದಲ್ಲಾದರೂ ಯೂನಿಟ್ ಬದಲಾಯಿಸಬಹುದು ಎಂದು ಬರೆಯಿರಿ. ಒಂದು ಸಾಲು ಇಲ್ಲಿ, ಒಂದು ಸಾಲು ಅಲ್ಲಿ. ನಿಮ್ಮ ಮುಂದಿನ ಮೀಟಿಂಗಿನಲ್ಲಿ ಚಹಾ ಆರುವ ಮುಂಚೆ ಮುಗಿಯುವ ಕೆಲಸ. ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೆ ಕಳಿಸಿದ್ದೇನೆ, ಇನ್ನೊಂದನ್ನು ನಿಮ್ಮ ಸುತ್ತೋಲೆಯ ಕೆಳಗೇ ಅಂಟಿಸಿದ್ದೇನೆ. ಯಾರಾದರೂ ಕಿತ್ತರೆ ಮತ್ತೆ ಅಂಟಿಸುತ್ತೇನೆ. ಗೋಂದು ಬೇಕಾದಷ್ಟಿದೆ.

ನನ್ನ ನಿರ್ಧಾರ ತಪ್ಪೇ ಇರಬಹುದು. ಮಗು ತಿರುಗದೇ ಇರಬಹುದು. ಇನ್ನು ಹದಿನೇಳು ದಿನಕ್ಕೆ ಮಂಗಳವಾರದ ಡಾಕ್ಟರ ಕತ್ತರಿಯೇ ಸರಿ ಎಂದಾಗಬಹುದು, ಆಗ ಅವರಿಗೆ ಕೈಮುಗಿದು ಮಲಗುತ್ತೇನೆ. ಅದಕ್ಕೂ ಹೆಚ್ಚಿನದೇನಾದರೂ ಆದರೆ ಅದರ ಜೊತೆ ಬದುಕಬೇಕಾದವಳೂ ನಾನೇ. ಹತ್ತೊಂಬತ್ತು ಮೆಟ್ಟಿಲು ಹತ್ತಿ, ಬಾಗಿಲು ಹಾಕಿಕೊಂಡು. ಆ ಭಾರಕ್ಕೆ ನನ್ನ ಹೆಸರು ಹಾಕಿಕೊಳ್ಳುವ ಹಕ್ಕನ್ನಷ್ಟೇ ಕೇಳುತ್ತಿದ್ದೇನೆ. ಮುಂದಿನ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಹಸಿದ ಹೊಟ್ಟೆಯಲ್ಲಿ, ಅದೇ ಬೆಂಚಿನಲ್ಲಿ ಇರುತ್ತೇನೆ. ಅಷ್ಟರೊಳಗೆ ನಿಮ್ಮ ಆ ಎರಡು ಸಾಲು ಬರಲಿ.

ಇಂತಿ,
ಶುಕ್ರವಾರ ಜೊತೆಗಾರರ ಸಮೇತ ಬರಲಿರುವವಳು
(ಜೊತೆಗಾರರಿಗೆ ಇನ್ನೂ ಸಹಿ ಹಾಕಲು ಬರುವುದಿಲ್ಲ)